ಸುರಪುರದ ಕತ್ತಲು, ಚುಕ್ಕಿಗಳ ತೊಟ್ಟಿಲು

ವಾಡಿ ಜಂಕ್ಷನ್ ದಾಟಿ ರಾಯಚೂರಿನ ಕಡೆಗೆ ಓಡುವ ರೈಲು ಯಾದಗಿರಿಯಲ್ಲಿ ನಿಲ್ಲುವುದು ಕೆಲವೇ ನಿಮಿಷ. ಸುಗ್ಗಿ ಮುಗಿದ ದಿನಗಳಲ್ಲಿ ಇಲ್ಲಿ ಇಳಿಯುವವರಿಗಿಂತ ಹತ್ತುವವರ ಗಡಿಬಿಡಿಯೇ ಹೆಚ್ಚು. ತಲೆಯ ಮೇಲೆ ಗಂಟು, ಕೈಯಲ್ಲಿ ಕೊಡ, ಕಂಕುಳಲ್ಲಿ ಕೂಸು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟವರು. ಅವರ ಜೊತೆಗೆ ಶಾಲೆಯ ಚೀಲ ಹಾಕಿಕೊಂಡ ಮಕ್ಕಳೂ ಹತ್ತುತ್ತಾರೆ.

ಇದೇ ನಿಲ್ದಾಣದಲ್ಲಿ ಇಳಿದು, ಊರಿನ ನೆತ್ತಿಗೇ ಕೂತಂತಿರುವ ಕೋಟೆಯ ಗುಡ್ಡವನ್ನು ನೋಡುತ್ತ, ಭೀಮಾ ನದಿಯ ಸೇತುವೆ ದಾಟಿ ಶಹಾಪುರದ ಬಸ್ಸು ಹಿಡಿಯುವ ಪ್ರವಾಸಿಗರು ವಿರಳ. ಬಂದರೂ ಅವರು ನೋಡುವುದು ಮೂರು ಸಂಗತಿಗಳನ್ನು: ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಆಕಾರದ ಬೆಟ್ಟ, ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್. ಮೂರೂ ನೋಡತಕ್ಕವೇ. ಆದರೆ ಸೂರ್ಯ ಮುಳುಗಿದೊಡನೆ ಅವರು ಊರು ಸೇರಿಕೊಳ್ಳುತ್ತಾರೆ. ಈ ಸೀಮೆಯಲ್ಲಿ ನೋಡಬೇಕಾದ ನಾಲ್ಕನೆಯದೊಂದು ಇದೆ, ಅದು ಕಾಣಿಸಿಕೊಳ್ಳುವುದೇ ಆಮೇಲೆ. ಅದು ಇಲ್ಲಿಯ ಕತ್ತಲು.

ಅದಕ್ಕೆ ತಕ್ಕ ರಾತ್ರಿಯನ್ನು ಹಿರಿಯರು ಆಗಲೇ ಗೊತ್ತುಮಾಡಿ ಇಟ್ಟಿದ್ದಾರೆ. ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ಚತುರ್ದಶಿಗೆ. ಚಂದ್ರನ ಕಾಟವಿಲ್ಲ, ಬೆಳಗಿನ ಜಾವಕ್ಕೆ ತೆಳ್ಳನೆಯ ಗೆರೆಯಾಗಿ ಎದ್ದರೆ ಎದ್ದಾನು. ಚಳಿ ಹಿಂದೆಗೆದಿರುತ್ತದೆ, ಮೋಡ ಇರುವುದಿಲ್ಲ. ಜಾಗರಣೆಯ ನೆಪದಲ್ಲಿ ಮನೆಮಂದಿಯೆಲ್ಲ ಹೇಗೂ ಎಚ್ಚರವಿರುತ್ತಾರೆ.

ವಿಭೂತಿಹಳ್ಳಿಯ ಕಲ್ಲುಗಳು

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಗುಂಡುಗಲ್ಲುಗಳು ಬಿದ್ದುಕೊಂಡಿವೆ. ಮೊದಲ ನೋಟಕ್ಕೆ ಗುಡ್ಡದಿಂದ ಉರುಳಿ ಬಂದವೇನೋ ಅನಿಸುತ್ತದೆ. ನಾಲ್ಕು ಹೆಜ್ಜೆ ಆಚೆ ಈಚೆ ಸರಿದು ನೋಡಿದರೆ ಸಾಲುಗಳು ಮೂಡುತ್ತವೆ. ಇನ್ನೊಂದು ಕೋನದಿಂದ ನೋಡಿದರೆ ಇನ್ನೊಂದು ಸಾಲು. ಗದ್ದೆಯಲ್ಲಿ ನೆಟ್ಟ ಸಸಿಗಳ ಹಾಗೆ ಯಾರೋ ಲೆಕ್ಕ ಹಾಕಿ ಇಟ್ಟ ಕಲ್ಲುಗಳಿವು. ಬೃಹತ್ ಶಿಲಾಯುಗದ ಜನ ಇಟ್ಟದ್ದು. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಈ ಸೀಮೆಯ ಪ್ರಾಚೀನ ಕಲ್ಲುಗೋರಿಗಳ ಬಗ್ಗೆ ಬರೆದಿದ್ದಾನೆ. ದಕ್ಷಿಣ ಹೈದರಾಬಾದ್ ಪ್ರಾಂತದ ಇಂಥ ಕಲ್ಲುಸಾಲುಗಳನ್ನು ಕುರಿತು ಪುರಾತತ್ತ್ವಜ್ಞ ಅಲ್ಚಿನ್ 1956ರಲ್ಲಿ ಪ್ರಬಂಧ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು ಸಂಗಡಿಗರೊಂದಿಗೆ ವಿಭೂತಿಹಳ್ಳಿಯ ಸಾಲುಗಳನ್ನು ಅಳೆದು, ಇವುಗಳ ದಿಕ್ಕಿಗೂ ವರ್ಷದ ಮುಖ್ಯ ದಿನಗಳಲ್ಲಿ ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ಸಂಬಂಧವಿದೆ ಎಂದು ವಾದಿಸಿದ್ದಾರೆ. ಎಲ್ಲ ವಿದ್ವಾಂಸರೂ ಒಪ್ಪಿದ ಮಾತಲ್ಲ. ಆದರೂ ಇಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿದವರಿಗೆ, ಹಿಂದೊಮ್ಮೆ ಇದೇ ಜಾಗದಲ್ಲಿ ನಿಂತು ಇದನ್ನೇ ಯಾರೋ ಕಾದು ನೋಡಿರಬಹುದು ಎಂಬ ಯೋಚನೆ ಬಾರದಿರದು.

ಕಲ್ಲಿನ ಬಗ್ಗೆ ಇನ್ನೂ ಒಂದು ಮಾತು. ಶಹಾಪುರ, ಸುರಪುರಗಳ ಈ ಗ್ರಾನೈಟ್ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಇವುಗಳಲ್ಲಿ ಹೆಚ್ಚಿಗೆ ಇರುವ ಮೂಲವಸ್ತುಗಳು ಆಮ್ಲಜನಕ ಮತ್ತು ಸಿಲಿಕಾನ್. ವಿಶ್ವದ ಆಮ್ಲಜನಕದ ಬಹುಪಾಲು ತಯಾರಾದದ್ದು ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾದ ನಕ್ಷತ್ರಗಳ ಒಡಲಿನಲ್ಲಿ. ಸಿಲಿಕಾನಿನ ದೊಡ್ಡ ಪಾಲು ಕೂಡ ಅಲ್ಲಿಯದೇ. ಆ ನಕ್ಷತ್ರಗಳು ಸಿಡಿದು ಚೆಲ್ಲಿದ ಬೂದಿ ಭೂಮಿಯಾಯಿತು, ಭೂಮಿಯಲ್ಲಿ ಬಂಡೆಯಾಯಿತು. ಹಾಗಾದರೆ ಅಂಥ ಭಾರೀ ನಕ್ಷತ್ರಗಳು ಹುಟ್ಟುವುದೆಲ್ಲಿ? ಉತ್ತರ ಹುಡುಕಲು ಸುರಪುರದ ಗುಡ್ಡ ಹತ್ತುವುದು ಮೇಲು.

ಮಿರಗ ಎಂಬುದು ಮಳೆ ಮಾತ್ರವಲ್ಲ

ಸುರಪುರ ಬಂಡೆಗುಡ್ಡಗಳ ನಡುವೆ ಬಚ್ಚಿಟ್ಟಂತಿರುವ ಊರು. 1857–58ರ ಬಂಡಾಯದಲ್ಲಿ ಹೆಸರಾದ ರಾಜಾ ವೆಂಕಟಪ್ಪ ನಾಯಕನ ಊರು. ಆ ಕಥೆ ಇಲ್ಲಿಯ ಪ್ರತಿ ಮಗುವಿಗೂ ಗೊತ್ತು. ಶಿವರಾತ್ರಿಯ ರಾತ್ರಿ ಏಳೂವರೆ, ಎಂಟರ ಹೊತ್ತಿಗೆ ಊರ ದೀಪಗಳಿಗೆ ಬೆನ್ನುಮಾಡಿ ಕುಳಿತು, ಕಣ್ಣು ಕತ್ತಲಿಗೆ ಒಗ್ಗಲು ಕಾಲು ಗಂಟೆ ಬಿಟ್ಟರೆ, ನೆತ್ತಿಯಿಂದ ತುಸು ದಕ್ಷಿಣಕ್ಕೆ ಮಹಾವ್ಯಾಧ ನಿಂತಿರುತ್ತಾನೆ. ನಡುವಿನಲ್ಲಿ ಕೂರಿಗೆಯ ಸಾಲಿನಂತೆ ಮೂರು ಚುಕ್ಕಿ. ಅವುಗಳ ಮೇಲೆ ಎಡಕ್ಕೆ ಕೆಂಪಗೆ ಆರಿದ್ರಾ. ಇನ್ನೂ ಮೇಲೆ, ತಲೆಯ ಜಾಗದಲ್ಲಿ ಮಂಕಾದ ಪುಟ್ಟ ಗುಂಪು. ಅದೇ ಮೃಗಶಿರಾ.

ಈ ಎರಡು ಹೆಸರುಗಳು ಗೊತ್ತಿಲ್ಲದ ರೈತ ಈ ಜಿಲ್ಲೆಯಲ್ಲಿ ಸಿಗಲಾರ. ಜೂನ್ ಎಂಟರ ಸುಮಾರಿಗೆ ಕೂಡುವ ಮಿರಗದ ಮಳೆಗೆ ಎರೆಭೂಮಿ ಹದವಾಗಬೇಕು, ಆರಿದ್ರಾ ಕೈಕೊಡಬಾರದು. ತೊಗರಿ, ಹತ್ತಿಯ ಲೆಕ್ಕವೆಲ್ಲ ಇದರ ಮೇಲೆ. ಆದರೆ ಮಿರಗ ‘ಕೂಡುವುದು’ ಎಂದರೆ ಸೂರ್ಯ ಆಕಾಶದ ಆ ಭಾಗಕ್ಕೆ ಬರುವುದು ಎಂದರ್ಥ. ಆಗ ಆ ಚುಕ್ಕಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ಕಾಣುವುದೇ ಇಲ್ಲ. ಮಳೆಯ ಹೆಸರಾಗಿ ಬಾಯಲ್ಲಿರುವ ಚುಕ್ಕಿಯನ್ನು ಕಣ್ಣಾರೆ ನೋಡಬೇಕಾದರೆ ಚಳಿಗಾಲದಿಂದ ಶಿವರಾತ್ರಿಯವರೆಗಿನ ದಿನಗಳೇ ಆಗಬೇಕು. ಪಂಚಾಂಗ ಬಲ್ಲ ಎಷ್ಟೋ ಮನೆಗಳಲ್ಲಿ ಈ ಚುಕ್ಕಿಯನ್ನು ಮಕ್ಕಳಿಗೆ ತೋರಿಸುವ ರೂಢಿ ಇಲ್ಲದಿರುವುದು ಸೋಜಿಗವೇ ಸರಿ.

ಮೃಗಶಿರಾ ಗುಂಪಿನ ಮುಖ್ಯ ನಕ್ಷತ್ರ ಸೂರ್ಯನಿಗಿಂತ ಸುಮಾರು ಇಪ್ಪತ್ತೈದು ಪಟ್ಟಿಗೂ ಹೆಚ್ಚು ಭಾರ. ದೂರ ಸುಮಾರು 1300 ಜ್ಯೋತಿರ್ವರ್ಷ. ಅದರ ಸುತ್ತ ಬಹು ದೊಡ್ಡದೊಂದು ಉಂಗುರವಿದೆ, ಅನಿಲ ಮತ್ತು ದೂಳಿನ ಉಂಗುರ. ಬರಿಗಣ್ಣಿಗೆ ಅದು ಕಾಣದು. ಯಾವ ಮೋಡದಿಂದ ಆ ನಕ್ಷತ್ರ ಹುಟ್ಟಿತೋ ಆ ಮೋಡದ ಅಳಿದುಳಿದ ಭಾಗ ಅದು. ಒಳಗಿನ ಭಾರೀ ನಕ್ಷತ್ರಗಳ ಹೊಡೆತಕ್ಕೆ ಹೊರಕ್ಕೆ ತಳ್ಳಲ್ಪಟ್ಟಿದೆ. ಆರಿದ್ರಾ ಕೂಡ ಭಾರೀ ನಕ್ಷತ್ರವೇ, ಆದರೆ ಮುಪ್ಪಿಗೆ ಬಂದದ್ದು. ಸೂರ್ಯನ ಒಟ್ಟು ಆಯುಸ್ಸು ಸುಮಾರು ಸಾವಿರ ಕೋಟಿ ವರ್ಷವಾದರೆ, ಆರಿದ್ರಾ ಒಂದು ಕೋಟಿ ವರ್ಷದ ಆಸುಪಾಸಿಗೇ ಕೊನೆಯ ಘಟ್ಟ ಮುಟ್ಟಿದೆ. 2019ರ ಕೊನೆಯಿಂದ 2020ರ ಫೆಬ್ರುವರಿಯವರೆಗೆ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ತಾನೇ ಉಗುಳಿದ ದೂಳು ಅಡ್ಡ ಬಂದದ್ದು ಕಾರಣವೆಂದು ಖಗೋಳಜ್ಞರು ಕಂಡುಕೊಂಡರು. ಹೆಚ್ಚು ಭಾರವಿದ್ದಷ್ಟೂ ಉರಿ ಹೆಚ್ಚು, ಬಾಳು ಕಡಿಮೆ. ಮೃಗಶಿರೆಯಂಥ ನಕ್ಷತ್ರಗಳು ಒಂದರ ಹಿಂದೊಂದು ಹುಟ್ಟಿ ಸತ್ತರೂ, ಸುರಪುರದ ಬಂಡೆಯ ವಯಸ್ಸಿನಲ್ಲಿ ಮುನ್ನೂರು ನಾನೂರು ತಲೆಮಾರು ಕಳೆದು ಹೋಗುತ್ತವೆ!

ಮೂರು ಚುಕ್ಕಿಗಳ ಕೆಳಗೆ, ಬೇಟೆಗಾರನ ಕತ್ತಿಯ ಜಾಗದಲ್ಲಿ, ಒಂದು ಚುಕ್ಕಿ ಮಾತ್ರ ಬಿಂದುವಿನಂತಿರದೆ ಉಸಿರು ತಾಗಿದ ಕನ್ನಡಿಯ ಹಾಗೆ ಮಬ್ಬಾಗಿದೆ. ಸಾಧಾರಣ ಬೈನಾಕ್ಯುಲರ್ ಇದ್ದರೆ ಆ ಮಬ್ಬು ಇನ್ನೂ ಸ್ಪಷ್ಟ. ಅದು ಮಹಾವ್ಯಾಧದ ನೀಹಾರಿಕೆ, ಸುಮಾರು 1350 ಜ್ಯೋತಿರ್ವರ್ಷ ದೂರ. ಭಾರೀ ನಕ್ಷತ್ರಗಳು ಹುಟ್ಟುತ್ತಿರುವ ತಾಣಗಳಲ್ಲಿ ನಮಗೆ ಅತಿ ಸಮೀಪದ್ದು. ಹೊಳೆಯುವ ಈ ಭಾಗ ದೊಡ್ಡದೊಂದು ಕತ್ತಲೆಯ ಮೋಡದ ಮೇಲ್ಮೈ ಅಷ್ಟೇ. ಎಳೆಯ ಭಾರೀ ನಕ್ಷತ್ರಗಳು ಮೋಡದ ಈ ಬದಿಯನ್ನು ಒಡೆದುಕೊಂಡು ಹೊರಬಂದದ್ದರಿಂದ ಒಳಗಿನ ಬೆಳಕು ಕಾಣಿಸುತ್ತಿದೆ. ನಿಜವಾದ ಹೆರಿಗೆ ಕೋಣೆ ಇರುವುದು ಅದರ ಹಿಂದೆ, ಕತ್ತಲಲ್ಲಿ.

‘ಅಲ್ಲೇನಿಲ್ಲ, ಖಾಲಿ ಅದ’

ನಡುರಾತ್ರಿ ದಾಟಿ, ಬೆಳಗಿನ ಜಾವ ಐದರ ಸುಮಾರಿಗೆ ಆಕಾಶವೇ ಬದಲಾಗಿರುತ್ತದೆ. ಮಹಾವ್ಯಾಧ ಪಡುವಣದಲ್ಲಿ ಮುಳುಗಿ, ದಕ್ಷಿಣಕ್ಕೆ ವೃಶ್ಚಿಕ ಕೊಂಡಿ ಎತ್ತಿ ನಿಂತಿರುತ್ತದೆ. ಜ್ಯೇಷ್ಠಾ ಕೆಂಪಗೆ ಉರಿಯುತ್ತಿರುತ್ತದೆ. ಅದರ ಎಡಕ್ಕೆ ಧನುರಾಶಿಯಿಂದ ಮೊದಲಾಗಿ ಮೂಡಣದ ಅಂಚಿನವರೆಗೆ ಆಕಾಶಗಂಗೆ ಹಾಲು ಚೆಲ್ಲಿದಂತೆ ಹರಡಿರುತ್ತದೆ. ಆ ಹಾಲಿನ ನಡುವೆ ಕಪ್ಪು ಸೀಳು. ಯಾರೋ ಮಸಿ ಕೈಯಿಂದ ಒರೆಸಿದ ಹಾಗೆ.

ಮಾಳಿಗೆಯ ಮೇಲೆ ಮಲಗುವ ರೂಢಿ ಇನ್ನೂ ಇರುವ ಯಾವ ಊರಲ್ಲಾದರೂ ಕೇಳಿಬರಬಹುದಾದ ಮಾತು:

‘ಮುತ್ಯಾ, ಅಲ್ಲಿ ನಡಬರ್ಕ ಚುಕ್ಕಿ ಯಾಕ ಇಲ್ಲ?’

‘ಅಲ್ಲೇನಿಲ್ಲ ಬಿಡಪಾ, ಖಾಲಿ ಅದ. ಮಕ್ಕೋ.’

ಮುತ್ಯಾನನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನಂಥ ಹರ್ಷೆಲ್ ಕೂಡ ವೃಶ್ಚಿಕದ ಬಳಿಯ ಇಂಥದೇ ಕಪ್ಪನ್ನು ದೂರದರ್ಶಕದಲ್ಲಿ ನೋಡಿ, ಅದನ್ನು ಆಕಾಶದಲ್ಲಿನ ತೂತೆಂದೇ ಬಗೆದು 1785ರಲ್ಲಿ ಬರೆದ. ನೂರು ವರ್ಷಕ್ಕೂ ಮೀರಿ ಆ ಮಾತೇ ನಡೆಯಿತು. ಅಮೆರಿಕದ ಬರ್ನಾರ್ಡ್ ರಾತ್ರಿಗಟ್ಟಲೆ ಕ್ಯಾಮೆರಾ ತೆರೆದಿಟ್ಟು ಆಕಾಶಗಂಗೆಯ ಚಿತ್ರ ತೆಗೆದು, 182 ಕಪ್ಪು ಮಚ್ಚೆಗಳ ಪಟ್ಟಿಯನ್ನು 1919ರಲ್ಲಿ ಪ್ರಕಟಿಸಿದರು. ಮೊದಲು ತೂತುಗಳೆಂದೇ ನಂಬಿದ್ದ ಅವರೂ ಕ್ರಮೇಣ ಅಭಿಪ್ರಾಯ ಬದಲಿಸಬೇಕಾಯಿತು. ಅಲ್ಲಿ ಏನೂ ಇಲ್ಲದ್ದರಿಂದ ಕಪ್ಪಾಗಿರುವುದಲ್ಲ. ಹಿಂದಿನ ಚುಕ್ಕಿಗಳನ್ನು ಮರೆಮಾಡುವಷ್ಟು ಸಾಮಗ್ರಿ ತುಂಬಿಕೊಂಡಿರುವುದರಿಂದ ಕಪ್ಪು. ಮೂರು ಚುಕ್ಕಿಗಳ ಎಡತುದಿಯದರ ಬಳಿ ಇರುವ ಕುದುರೆ ತಲೆಯಾಕಾರದ ಪ್ರಸಿದ್ಧ ಕಪ್ಪುಮೋಡ ಮೊದಲು ಪತ್ತೆಯಾದದ್ದು 1888ರಲ್ಲಿ, ಹಾರ್ವರ್ಡ್ ವೀಕ್ಷಣಾಲಯದ ಛಾಯಾಚಿತ್ರದ ಗಾಜಿನ ಮೇಲೆ. ಕಂಡುಹಿಡಿದವಳು ವಿಲಿಯಮಿನಾ ಫ್ಲೆಮಿಂಗ್. ಆ ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಆಕೆ ಮೊದಲು ಮನೆಗೆಲಸಕ್ಕಿದ್ದವಳು.

ಈ ಮೋಡಗಳಲ್ಲಿ ಇರುವುದೇನು? ಬಹುಪಾಲು ಜಲಜನಕದ ಅಣುಗಳು, ಸ್ವಲ್ಪ ಹೀಲಿಯಂ. ತೂಕದಲ್ಲಿ ನೂರಕ್ಕೊಂದು ಪಾಲು ನವುರಾದ ದೂಳು. ಅದಕ್ಕೇ ಇವು ಅಣುಮೋಡಗಳು. ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಕೆಲವು ನೂರು ಅಣು. ಗಟ್ಟಿಯಾದ ತಿರುಳಿನಲ್ಲಿ ಹತ್ತು ಸಾವಿರದಿಂದ ಹತ್ತು ಲಕ್ಷ, ಅದಕ್ಕೂ ಮೇಲೆ. ‘ಗಟ್ಟಿ’ ಎಂದರೆ ಆಕಾಶದ ಲೆಕ್ಕಕ್ಕೆ ಮಾತ್ರ. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿ ಇರುವ ಅಣುಗಳನ್ನು ಬರೆಯಬೇಕಾದರೆ ಎರಡೂವರೆಯ ಮುಂದೆ ಹತ್ತೊಂಬತ್ತು ಬಾರಿ ಹತ್ತರಿಂದ ಗುಣಿಸಬೇಕು. ಆದರೆ ಮೋಡದ ಹರವು ಎಷ್ಟೋ ಜ್ಯೋತಿರ್ವರ್ಷಗಳಷ್ಟು. ಆದ್ದರಿಂದ ದೊಡ್ಡ ಮೋಡವೊಂದರಲ್ಲಿ ಲಕ್ಷಗಟ್ಟಲೆ ಸೂರ್ಯರಿಗೆ ಸಾಕಾಗುವ ಸರಕು ಇರುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ತುಸು ನಿಧಾನವಾಗಿ ಯೋಚಿಸಬೇಕು. ಅನಿಲ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಅದರ ಒತ್ತಡ ತಗ್ಗುತ್ತದೆ. ಮೋಡ ತನ್ನದೇ ಗುರುತ್ವಾಕರ್ಷಣೆಗೆ ಕುಸಿದು ನಕ್ಷತ್ರವಾಗಬೇಕಾದರೆ ಅದು ಬಹಳ ತಣ್ಣಗಿರಬೇಕು. ಹೊರಗಿನ ನಕ್ಷತ್ರಗಳ ಬೆಳಕು ಒಳಹೊಕ್ಕರೆ ಬಿಸಿಯೇರುತ್ತದೆ, ಅಣುಗಳು ಒಡೆಯುತ್ತವೆ. ಆ ಬೆಳಕನ್ನು ತಡೆಯುವುದು ದೂಳು. ಹೀಗಾಗಿ ಒಳಗೆ ಉಷ್ಣತೆ ಸೊನ್ನೆಗಿಂತ ಸುಮಾರು 260 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿರುತ್ತದೆ. ಮೋಡವನ್ನು ಕಪ್ಪಾಗಿ ತೋರಿಸುವ ದೂಳೇ ಅದನ್ನು ತಣ್ಣಗೂ ಇಡುತ್ತದೆ. ಸೂರ್ಯನಿಗಿಂತ ಲಕ್ಷ ಪಟ್ಟು ಪ್ರಖರವಾಗಿ ಉರಿಯಬಲ್ಲ ನಕ್ಷತ್ರಕ್ಕೆ ಬಸಿರಾಗಲು ಬೇಕಾದದ್ದು ಇಷ್ಟು ಕತ್ತಲು, ಇಷ್ಟು ಚಳಿ!

ಭಾರೀ ನಕ್ಷತ್ರದ ಹುಟ್ಟಿನಲ್ಲಿ ಇನ್ನೂ ಒಂದು ತೊಡಕಿದೆ. ಸೂರ್ಯನಂಥದು ಮೈಗೆ ಬೇಕಾದಷ್ಟು ಅನಿಲ ಸೇರಿಸಿಕೊಂಡ ಮೇಲೆ ಉರಿಯತೊಡಗುತ್ತದೆ. ಎಂಟು ಪಟ್ಟಿಗಿಂತ ಭಾರವಾಗುವಂಥದು ಹಾಗಲ್ಲ. ಇನ್ನೂ ಉಣ್ಣುತ್ತಿರುವಾಗಲೇ ಒಲೆ ಹೊತ್ತಿಕೊಳ್ಳುತ್ತದೆ. ಅದರ ಬೆಳಕೇ ಒಳಬರುವ ದೂಳನ್ನು ಹೊರಕ್ಕೆ ತಳ್ಳುತ್ತದೆ. ಹಾಗಿದ್ದೂ ಅದು ಇಪ್ಪತ್ತು ಮೂವತ್ತು ಪಟ್ಟು ಬೆಳೆಯುವುದು ಹೇಗೆಂಬುದು ಬಹುಕಾಲ ಕಾಡಿದ ಪ್ರಶ್ನೆ. ಅನಿಲವು ತಟ್ಟೆಯಂತೆ ಸುತ್ತುತ್ತ ನಡುವಿನಿಂದ ಒಳಸೇರುತ್ತದೆ, ಬೆಳಕು ಮೇಲೆ ಕೆಳಗೆ ದಾರಿ ಮಾಡಿಕೊಂಡು ಹೊರಹೋಗುತ್ತದೆ ಎಂಬುದು ಈಗ ಬಹುಮಂದಿ ಒಪ್ಪುವ ವಿವರಣೆ. ವಿವರಗಳಲ್ಲಿ ವಾದ ಇನ್ನೂ ಮುಗಿದಿಲ್ಲ.

ಮೇಖ್ರಿ ಸರ್ಕಲ್ಲಿನ ಬಳಿಯ ಬಟ್ಟಲು

ಬೆಳಕೇ ಹೊರಬಾರದ ಮೋಡದ ಒಳಗನ್ನು ತಿಳಿಯುವುದು ಹೇಗೆ? ಅಷ್ಟು ಚಳಿಯಲ್ಲಿ ಜಲಜನಕದ ಅಣು ಮೂಕ. ಯಾವ ಅಲೆಯನ್ನೂ ಹೊಮ್ಮಿಸದು. ಆದರೆ ಸುಮಾರು ಹತ್ತು ಸಾವಿರ ಜಲಜನಕದ ಅಣುಗಳ ನಡುವೆ ಒಂದರಂತೆ ಇಂಗಾಲದ ಮಾನಾಕ್ಸೈಡ್ ಅಣು ಇರುತ್ತದೆ. ಅದು 2.6 ಮಿಲಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಹೊಮ್ಮಿಸುತ್ತದೆ. ದೂಳು ಆ ಅಲೆಯನ್ನು ತಡೆಯಲಾರದು. ಕತ್ತಲಲ್ಲಿ ಜಾತ್ರೆಗೆ ಹೊರಟ ಬಂಡಿಗಳಿಗೆ ಒಂದೊಂದು ಕಂದೀಲು ಕಟ್ಟಿದ್ದರೆ, ಕಂದೀಲು ಎಣಿಸಿ ಜನರ ಅಂದಾಜು ಮಾಡಬಹುದಲ್ಲ, ಹಾಗೆ ಈ ಲೆಕ್ಕ. 1970ರಲ್ಲಿ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ಎಂಬ ಮೂವರು ಈ ಅಲೆಯನ್ನು ಮೊದಲ ಸಲ ಹಿಡಿದರು. ಹಿಡಿದದ್ದು ಶಿವರಾತ್ರಿಯ ಸಂಜೆ ನೆತ್ತಿಯ ಬಳಿ ಕಾಣುವ ಅದೇ ಮಹಾವ್ಯಾಧದ ಮೋಡದಿಂದ.

ಇಂಥ ಅಲೆ ಹಿಡಿಯುವ 10.4 ಮೀಟರ್ ಅಗಲದ ಬಟ್ಟಲಿನಂಥ ದೂರದರ್ಶಕವೊಂದು ಬೆಂಗಳೂರಿನಲ್ಲಿಯೇ ಇತ್ತು. ಮೇಖ್ರಿ ಸರ್ಕಲ್ಲಿನ ಬಳಿ, ಸರ್ ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ. ಟಿ. ಕೆ. ಶ್ರೀಧರನ್ ಎಂಬ ವಿಜ್ಞಾನಿ ಅದರ ಸಹಾಯದಿಂದ, ದಕ್ಷಿಣ ಆಕಾಶದ ಗಮ್ ನೀಹಾರಿಕೆಯಲ್ಲಿ ಧೂಮಕೇತುಗಳಂತೆ ತಲೆ-ಬಾಲ ಇರುವ ಮೋಡದ ತುಣುಕುಗಳನ್ನು ಅಭ್ಯಸಿಸಿದರು. ಅಲ್ಲಿಯ ಭಾರೀ ನಕ್ಷತ್ರಗಳ ಉರಿಗೆ ಸವೆದು ಬಾಲ ಬಂದ ತುಣುಕುಗಳವು. ನಿಲ್ದಾಣ ದಾಟುವ ರೈಲಿನ ಸಿಳ್ಳಿನ ಸ್ವರ ಬದಲಾಗುವಂತೆ ಅವುಗಳಿಂದ ಬರುವ ಅಲೆಯೂ ತುಸು ಬದಲಾಗುತ್ತದೆ. ಆ ಬದಲಾವಣೆ ಅಳೆದು, ಎಲ್ಲ ತುಣುಕುಗಳೂ ಒಂದು ನಡುವಿನಿಂದ ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿವೆ ಎಂದು ಅವರು 1992ರಲ್ಲಿ ಪ್ರಕಟಿಸಿದರು. ಮುಂದೆ ಅಮೆರಿಕದ ಹಾರ್ವರ್ಡ್-ಸ್ಮಿತ್ಸೋನಿಯನ್ ಕೇಂದ್ರ ಸೇರಿ, ಸಂಗಡಿಗರೊಂದಿಗೆ ಇನ್ನೂ ಮೋಡದೊಳಗೇ ಇರುವ 69 ಭಾರೀ ಎಳೆ ನಕ್ಷತ್ರಗಳ ಪಟ್ಟಿಯನ್ನು 2002ರಲ್ಲಿ ಹೊರತಂದರು.

ಶ್ರೀಧರನ್ ಅಳೆದ ಆ ಮೋಡಗಳಿರುವ ದಿಕ್ಕನ್ನು ಸುರಪುರದಿಂದ ಬೆರಳು ಮಾಡಿ ತೋರಿಸಬಹುದು. ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ ನಿಂತರೆ, ಬಲಗಡೆ ದಿಗಂತದಿಂದ ಸ್ವಲ್ಪವೇ ಮೇಲೆ ಅಗಸ್ತ್ಯ ನಕ್ಷತ್ರ. ಅದರ ಎಡಕ್ಕೆ, ತುಸು ಮೇಲೆ ಇರುವ ಪ್ರಕಾಶಮಾನ ಚುಕ್ಕಿಗಳ ಸುತ್ತಲ ಆಕಾಶವೇ ಗಮ್ ನೀಹಾರಿಕೆಯ ಸೀಮೆ. ನೀಹಾರಿಕೆ ಕಣ್ಣಿಗೆ ಬೀಳದು, ಚುಕ್ಕಿಗಳು ಬೀಳುತ್ತವೆ. ಬೆಂಗಳೂರಿನಲ್ಲಿ ಆ ಚುಕ್ಕಿಗಳೂ ಕಷ್ಟ. ಯಾದಗಿರಿಯಲ್ಲಿ ರೈಲು ಹತ್ತಿದ ಹುಡುಗ ಅಲ್ಲಿ ಅರ್ಧ ಕಟ್ಟಿದ ಮಹಡಿಯೊಂದರ ಬುಡದಲ್ಲಿ, ತಗಡಿನ ಶೆಡ್ಡಿನಲ್ಲಿ ಮಲಗುತ್ತಾನೆ. ಮೋಡದ ಸಂಗತಿ ಕಂಡುಹಿಡಿದ ಆವರಣ ಅವನಿಗೆ ಹತ್ತಿರವಾಯಿತು, ಮೋಡವಿರುವ ಆಕಾಶ ದೂರವಾಯಿತು.

2010ರಲ್ಲಿ ಕಲಬುರಗಿಯಿಂದ ಬೇರೆಯಾದ ಈ ಜಿಲ್ಲೆಯ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. 2024ರಲ್ಲಿ ಶೇಕಡಾ 50.59, ರಾಜ್ಯದಲ್ಲಿ ಕೊನೆಯ ಸ್ಥಾನ. ಗುಳೆ ಹೋದ ಮಕ್ಕಳ ಹಾಜರಿ, ಖಾಲಿ ಇರುವ ಶಿಕ್ಷಕರ ಹುದ್ದೆ, ಇವುಗಳ ಚರ್ಚೆ ಪ್ರತಿ ವರ್ಷ ಒಂದು ವಾರ ನಡೆದು ನಿಲ್ಲುತ್ತದೆ. ಇಲ್ಲಿಯ ಮಕ್ಕಳಿಗೆ ಏನಿಲ್ಲ ಎಂಬ ಪಟ್ಟಿ ಎಲ್ಲರ ಬಳಿಯೂ ಇದೆ. ರಾಜ್ಯದ ದೊಡ್ಡ ಊರುಗಳ ಯಾವ ದುಬಾರಿ ಶಾಲೆಯೂ ಕೊಳ್ಳಲಾಗದ ಪ್ರಯೋಗಶಾಲೆಯೊಂದು ಇವರ ಮಾಳಿಗೆಯ ಮೇಲೆಯೇ ಇದೆ ಎಂಬುದು ಮಾತ್ರ ಆ ಪಟ್ಟಿಯವರ ಗಮನಕ್ಕೆ ಬಂದಂತಿಲ್ಲ. ಅದೂ ಎಷ್ಟು ದಿನವೋ. ಹೊಸ ಬೀದಿದೀಪಗಳ ಬಿಳಿ ಬೆಳಕು ಊರಿಂದ ಊರಿಗೆ ಹಬ್ಬುತ್ತಿದೆ. ದೀಪ ಬೇಡವೆಂದು ಯಾರೂ ಹೇಳರು. ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡಲು ಬೆಳಕು ಬೇಕೇ ಬೇಕು. ಆದರೆ ನೆಲಕ್ಕೆ ಬೀಳಬೇಕಾದ ಬೆಳಕನ್ನು ಆಕಾಶಕ್ಕೆ ಚೆಲ್ಲುವುದು ಏತಕ್ಕೆ? ದೀಪದ ಮೇಲೆ ಒಂದು ತಗಡಿನ ಮುಚ್ಚಳ ಹಾಕಿದರೆ ನಡೆಯುತ್ತದೆ.

ಸುರಪುರದ ಗುಡ್ಡಕ್ಕೆ ರಾತ್ರಿ ಹೋಗುವವರು ಬಂಡೆಗಳ ಸಂದಿಯಲ್ಲಿ ಹಾವು ಚೇಳುಗಳ ಎಚ್ಚರಿಕೆ ಇಟ್ಟುಕೊಳ್ಳಬೇಕು. ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಬ್ಯಾಟರಿಯ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಂಡರೆ ಕತ್ತಲಿಗೆ ಒಗ್ಗಿದ ಕಣ್ಣು ಕೆಡುವುದಿಲ್ಲ. ಗುಡ್ಡವೇ ಆಗಬೇಕೆಂದೂ ಇಲ್ಲ, ಊರಾಚೆಯ ಹೊಲದ ಬದುವಾದರೂ ಸಾಕು.

ಐದೂವರೆಯ ಹೊತ್ತಿಗೆ ಮೂಡಣ ಬೆಳ್ಳಗಾಗತೊಡಗುತ್ತದೆ. ಮೊದಲು ಮಾಯವಾಗುವುದು ಆ ಕಪ್ಪು ಸೀಳು, ಆಮೇಲೆ ಸುತ್ತಲಿನ ಹಾಲು, ಕೊನೆಗೆ ಜ್ಯೇಷ್ಠಾ. ದಿಗಂತದಲ್ಲಿ ಎಳೆಯಂಥ ಚಂದ್ರ. ಕೆಳಗೆ ಬಸ್‌ನಿಲ್ದಾಣದಲ್ಲಿ ಯಾದಗಿರಿಗೆ ಹೋಗುವ ಬಸ್ಸಿನ ಕಂಡಕ್ಟರ್ ರೈಲಿಗೆ ಹೋಗುವವರು ಬೇಗ ಹತ್ತಿರೆಂದು ಕೂಗುತ್ತಿರುತ್ತಾನೆ.